ಶಾಸಕರೇ, ನಮ್ಮ ಮನೆ ತಿಂದದ್ದು ಗಾಳಿಯೋ, ಕಡಲೋ?

ಮಾನ್ಯ ಶಾಸಕರಿಗೆ,

ನಮಸ್ಕಾರ. ನನಗೆ ಪತ್ರ ಬರೆದು ಅಭ್ಯಾಸ ಇಲ್ಲ. ಅರ್ಜಿ ಬರೆದು ಅಭ್ಯಾಸ ಇದೆ. 2021ರಿಂದ ಈಚೆ ಹನ್ನೊಂದು ಅರ್ಜಿ ಕೊಟ್ಟಿದ್ದೇನೆ. ಎರಡು ನಿಮ್ಮ ಕೈಗೇ ಕೊಟ್ಟದ್ದು. ಒಂದಕ್ಕೂ ಉತ್ತರ ಬಂದಿಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಬೇಜಾರು ಮಾಡ್ಕೋಬೇಡಿ.

ನಾನು ಕೇಳುವುದು ಒಂದೇ. ನಮ್ಮ ಮನೆ ಪರಿಹಾರದ ಫೈಲಿನಲ್ಲಿ 'ಕಡಲ್ಕೊರೆತ' ಅಂತ ಬರೆದಿದ್ದಾರೆ. ಅದನ್ನು 'ಚಂಡಮಾರುತ' ಅಂತ ತಿದ್ದಿಸಿ ಕೊಡಿ. ಒಂದು ಶಬ್ದ, ಅಷ್ಟೆ.

ಆ ಶಬ್ದದ ಬೆಲೆ ನಿಮಗೆ ಗೊತ್ತು. ಪರಿಹಾರ ಕೊಡುವ ಕೇಂದ್ರದ ವಿಕೋಪ ಪಟ್ಟಿಯಲ್ಲಿ 2021ರಲ್ಲಿ ಹನ್ನೆರಡು ಹೆಸರಿದ್ದವು. ಚಂಡಮಾರುತ, ಭೂಕಂಪ, ಸುನಾಮಿ, ಆಲಿಕಲ್ಲು ಮಳೆ, ಹಿಮಕುಸಿತ ಕೂಡ ಇತ್ತು. ಕಡಲ್ಕೊರೆತ ಇರಲಿಲ್ಲ. ನಮ್ಮೂರಲ್ಲಿ ಹಿಮ ಬಿದ್ದು ಮನೆ ಹೋಗಿದ್ದರೆ ಪರಿಹಾರ ಸಿಗುತ್ತಿತ್ತು ಅಂತ ಕಾಣುತ್ತದೆ.

2021ರ ಮೇ 15, ಶನಿವಾರ. ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಹೋಗುತ್ತಿತ್ತು. ಕೊರೊನಾ ಲಾಕ್‌ಡೌನ್ ಬೇರೆ. ನೆಂಟರ ಮನೆಗೆ ಹೋಗೋಣ ಎಂದರೆ ದಾರಿಯಲ್ಲಿ ಪೊಲೀಸರು, ಹೋದರೂ ಬಾಗಿಲು ತೆರೆಯುವವರು ಯಾರು? ನಮ್ಮವರು ಮತ್ತು ಭಾವ ಸೇರಿ ದೋಣಿಯನ್ನು ಮೇಲೆ ಎಳೆದು ತೆಂಗಿನ ಮರಕ್ಕೆ ಕಟ್ಟಿದರು. ನಾನು ಒಣಮೀನಿನ ಗೋಣಿಗಳನ್ನು ಅಟ್ಟಕ್ಕೆ ಏರಿಸಿದೆ. ಮೇ ತಿಂಗಳು ಎಂದರೆ ನಮಗೆ ಕೂಡಿಡುವ ಕಾಲ. ಜೂನ್ 1ರಿಂದ ಬೋಟು ನಿಲ್ಲುತ್ತದೆ. ಆ ಮಳೆಗಾಲಕ್ಕೆ ಮಾರಲು ಒಂಬತ್ತು ಗೋಣಿ ಸಿಗಡಿ, ನಂಗು ಒಣಗಿಸಿಟ್ಟಿದ್ದೆ.

ಬೆಳಗಿನ ಜಾವ ನೀರು ಹಿತ್ತಿಲಿನಿಂದ ಬಂತು. ನಾವು ಎದುರು ಬಾಗಿಲು ನೋಡುತ್ತಾ ಕೂತಿದ್ದೆವು. ಭಾನುವಾರ ಮಧ್ಯಾಹ್ನ ಅಡುಗೆಮನೆ ಗೋಡೆ ಹೋಯಿತು. ಸಂಜೆಗೆ ತೆಂಗಿನ ಮರ, ಅದಕ್ಕೆ ಕಟ್ಟಿದ್ದ ದೋಣಿ ಎರಡೂ ಒಟ್ಟಿಗೆ ಹೋದವು. ಅಟ್ಟ ಕುಸಿದು ನನ್ನ ಗೋಣಿಗಳು ತೆರೆಯ ಮೇಲೆ ಸ್ವಲ್ಪ ಹೊತ್ತು ತೇಲಿದವು. ಅತ್ತೆಯವರು ಅದನ್ನು ನೋಡಿ ನಕ್ಕರು. ಯಾಕೆ ನಕ್ಕರೋ ಗೊತ್ತಿಲ್ಲ. ಸಾಯುವವರೆಗೂ ನಾನು ಕೇಳಲಿಲ್ಲ.

ಮೂರು ದಿನ ಕಳೆದು ಸರ್ಕಾರಿ ಕಚೇರಿಯವರು ಹಾನಿ ನೋಡಿ ಬರೆದುಕೊಳ್ಳಲು, ಮಹಜರಿಗೆ ಬಂದರು. ಅಷ್ಟರಲ್ಲಿ ಮನೆಯ ಅಡಿಪಾಯದ ಕಲ್ಲೂ ಮರಳೊಳಗೆ ಹೋಗಿತ್ತು. ಬಂದವರು ಕೈಯಲ್ಲಿ ಫಾರಂ ಹಿಡಿದು ಕೇಳಿದರು, "ಮನೆ ಎಲ್ಲಿ?"

"ಇಲ್ಲೇ ಇತ್ತು ಸರ್."

"ಇತ್ತು ಸರಿ. ಶೇಕಡಾ ಎಷ್ಟು ಹಾನಿ ಅಂತ ಬರೆಯಬೇಕಲ್ಲ. ಮನೆ ಇಲ್ಲದೆ ಹಾನಿ ಅಳೆಯೋದು ಹೇಗಮ್ಮಾ?"

ನೀರು ಇಳಿದಿತ್ತು. ದೂರದಲ್ಲಿ ನಮ್ಮ ಕಡೆಯುವ ಕಲ್ಲು ಕಾಣುತ್ತಿತ್ತು. ಅದನ್ನೇ ತೋರಿಸಿದೆ. ಅಡುಗೆಮನೆ ಅಲ್ಲಿತ್ತು ಸರ್ ಎಂದೆ. ಫೋಟೊದಲ್ಲಿ ಜಾಗ ಗೊತ್ತಾಗಲು ಅಲ್ಲಿ ಹೋಗಿ ನಿಲ್ಲಿ ಎಂದರು. ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರಿನಲ್ಲಿ, ಆ ಕಲ್ಲಿನ ಪಕ್ಕ ನಿಂತೆ. ಎರಡು ಸಲ ಫೋಟೊ ಸರಿ ಬರಲಿಲ್ಲ. ಮಹಜರಿನಲ್ಲಿ ಏನು ಬರೆದರು ಗೊತ್ತಾ? "ಸ್ಥಳದಲ್ಲಿ ಒಂದು ಕಲ್ಲು ಕಂಡುಬಂದಿದೆ." ಗಾಳಿಗೆ ಬಿದ್ದ ಮನೆಯಾದರೆ ಹಂಚು, ಪಕಾಸು ಬಿದ್ದಿರಬೇಕಿತ್ತು, ಹಾಗಾಗಿ ಇದು ಕಡಲ್ಕೊರೆತ. ಅಲ್ಲಿಗೆ ನಮ್ಮ ಕತೆ ಮುಗಿಯಿತು.

ಆ ದಿನ ಕಡಲನ್ನು ಅಲ್ಲಿಯವರೆಗೆ ತಳ್ಳಿಕೊಂಡು ಬಂದದ್ದು ಯಾರು ಸ್ವಾಮಿ? ಅಷ್ಟು ವರ್ಷ ಅಲ್ಲೇ ಇದ್ದ ಮನೆ. ಮೇ 14ಕ್ಕೆ ಅಂಗಳದಲ್ಲಿ ಮೀನು ಹರವಿದ್ದೆ.

ಇನ್ನೊಬ್ಬರು ಕಚೇರಿಯಲ್ಲಿ ಹೇಳಿದರು, ತೌಕ್ತೆ ದಡ ಮುಟ್ಟಿದ್ದು ಗುಜರಾತಿನಲ್ಲಿ, 17ರ ರಾತ್ರಿ, ಇಲ್ಲಿ ಅಲ್ಲವಲ್ಲ ಎಂದು. ನಿಜ. ಪ್ರಧಾನಿಯವರು 19ಕ್ಕೆ ವಿಮಾನದಲ್ಲಿ ನೋಡಿ ಗುಜರಾತಿಗೆ 1,000 ಕೋಟಿ ಘೋಷಿಸಿದರು. ಅವರದ್ದೂ ನಮ್ಮ ಹಾಗೆ ದೋಣಿ, ಬಲೆ, ಮನೆ. ಸಿಗಲಿ, ಹೊಟ್ಟೆಕಿಚ್ಚು ಇಲ್ಲ. ಆದರೆ ದಾರಿಯಲ್ಲಿ ಹೋಗುವ ಲಾರಿ ಗುದ್ದಿದರೆ, ಅದು ನಿಂತದ್ದು ಮುಂದಿನ ಊರಿನಲ್ಲಿ ಎಂದು ಕೇಸು ಹಾಕದೆ ಬಿಡುತ್ತೀರಾ?

ಭಾವನಿಗೆ ಬಲೆಯ ಬಾಬ್ತು 2,600 ರೂಪಾಯಿ ಬಂತು. ಪೂರ್ತಿ ಹಾಳಾದ ಬಲೆಗೆ ಆಗ ನಿಯಮದಲ್ಲಿ ಇದ್ದದ್ದೇ ಅಷ್ಟು. ಅವನು ಬ್ಯಾಂಕಿಗೆ ಮೂರು ಸಲ ಓಡಾಡಿದ ಖರ್ಚು ಬಿಟ್ಟರೆ ಉಳಿದದ್ದರಲ್ಲಿ ಹಗ್ಗ ತಂದ. ಅಂದರೆ ಅವನ ಬಲೆ ಹೋದದ್ದು ಚಂಡಮಾರುತಕ್ಕೆ, ಹತ್ತು ಹೆಜ್ಜೆ ಆಚೆ ನಮ್ಮ ಮನೆ ಹೋದದ್ದು ಕಡಲ್ಕೊರೆತಕ್ಕೆ! ಒಂದೇ ದಿನ, ಒಂದೇ ನೀರು.

ಈಗ ಮುಖ್ಯ ವಿಷಯ. ಪಂಚಾಯತಿನ ಪುಸ್ತಕದಲ್ಲಿ ನಮ್ಮ ಮನೆ ಇನ್ನೂ ಗಟ್ಟಿಮುಟ್ಟಾಗಿ ನಿಂತಿದೆ. ವರ್ಷಾ ವರ್ಷಾ ಮನೆ ತೆರಿಗೆ ನೋಟಿಸ್ ಬರುತ್ತದೆ. ಮನೆ ನಂಬರು ಸಮೇತ. ನಾನು ಕಟ್ಟುತ್ತೇನೆ. ಯಾಕೆ ಎಂದರೆ, ತೆರಿಗೆ ಬಾಕಿ ಇದ್ದರೆ ಪರಿಹಾರದ ಫೈಲು ಮುಂದೆ ಹೋಗುವುದಿಲ್ಲವಂತೆ. ಮನೆ ಇಲ್ಲ ಎಂದು ರುಜುವಾತು ಮಾಡಲು ಮನೆಯ ತೆರಿಗೆ ಕಟ್ಟಬೇಕು. ಇದನ್ನು ನಾನು ಯಾರಿಗೆ ಹೇಳಿದರೂ ನಗುತ್ತಾರೆ. ನೀವೂ ನಕ್ಕಿದ್ದಿರಿ.

ಹೌದು, ಆಗ ನೀವು ಶಾಸಕರಾಗಿರಲಿಲ್ಲ. 2023ರಲ್ಲಿ ಮತ ಕೇಳಲು ಬಂದಾಗ ಅದೇ ಜಾಗದ ಕಲ್ಲಿನ ರಾಶಿ ಮೇಲೆ ನಿಂತು, "ಗೆದ್ದ ತಿಂಗಳಲ್ಲೇ ಇದನ್ನು ಸರಿ ಮಾಡ್ತೇನೆ ಅಕ್ಕ" ಎಂದಿರಿ. ತೌಕ್ತೆ ಎಂದರೆ ಬರ್ಮಾದ ಭಾಷೆಯಲ್ಲಿ ಹಲ್ಲಿಯ ಹೆಸರಂತೆ. ನಮ್ಮಲ್ಲಿ ಹಲ್ಲಿ ಲೊಚಗುಟ್ಟಿದರೆ ಹೇಳಿದ ಮಾತು ಸತ್ಯ ಅಂತಾರೆ. ಈ ಹಲ್ಲಿ ಬಂದುಹೋದ ಮೇಲೆ ನಮಗೆ ಹೇಳಿದ ಒಂದು ಮಾತೂ ಸತ್ಯವಾಗಲಿಲ್ಲ.

ಕಡಲಿಗೆ ತಡೆಗೋಡೆಯಾಗಿ ಕಲ್ಲು ಹಾಕಿದ್ದೇವಲ್ಲ ಎಂದು ನಿಮ್ಮವರು ಹೇಳುತ್ತಾರೆ. ಹಾಕಿದ್ದೀರಿ. ಪ್ರತಿ ಮಳೆಗಾಲ ಲೋಡುಗಟ್ಟಲೆ ಬಂಡೆ ಬರುತ್ತದೆ, ಕಡಲು ನುಂಗುತ್ತದೆ, ಬಿಲ್ ಆಗುತ್ತದೆ. ಗೋಡೆ ಮುಗಿದಲ್ಲಿಂದ ಪಕ್ಕದವರ ಜಾಗ ಕೊರೆಯಲು ಶುರುವಾಗುತ್ತದೆ. ಆ ಕಲ್ಲಿಗೆ ಫೈಲು ಎಷ್ಟು ಬೇಗ ಓಡುತ್ತದೆ ನೋಡಿ. ಕಲ್ಲಾಗಿ ಹುಟ್ಟಿದ್ದರೆ ಚೆನ್ನಾಗಿತ್ತು.

ಕೇಂದ್ರದ 15ನೇ ಹಣಕಾಸು ಆಯೋಗ ಕೊರೆತದಿಂದ ಜಾಗ ಕಳೆದುಕೊಂಡವರ ಪುನರ್ವಸತಿಗೆ 2021ರಿಂದ 2026ರವರೆಗೆ ಇಡೀ ದೇಶಕ್ಕೆ 1,000 ಕೋಟಿ ಹೇಳಿತ್ತು. ನಿಮಗೆ ಗೊತ್ತಿರುತ್ತದೆ, ನಾನೇನು ಹೇಳುವುದು. ಹಾಗಿದ್ದರೆ ಕಡಲ್ಕೊರೆತ ಎಂದೇ ಇಟ್ಟು ಅದರಲ್ಲಾದರೂ ಕೊಡಿಸಿ. ಆಗುವುದಿಲ್ಲವಾ? ಚಂಡಮಾರುತ ಎಂದು ತಿದ್ದಿಸಿ. ನೆರೆಗೆ ಪೂರ್ತಿ ಬಿದ್ದ ಮನೆಗೆ ಆ ವರ್ಷಗಳಲ್ಲಿ ಸರ್ಕಾರ 5 ಲಕ್ಷ ಕೊಟ್ಟಿದೆ. ನಮ್ಮದು ಬೀಳಲಿಲ್ಲ ಸರ್, ಮಾಯವೇ ಆಯಿತು. ಪೂರ್ತಿ ಎಂದರೆ ಇನ್ನೆಷ್ಟು ಪೂರ್ತಿ ಆಗಬೇಕು?

ನಾಲ್ಕು ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆದೆವು. ಐದನೆಯದು ಬಾಗಿಲಿಗೆ ಬಂದಿದೆ. ಉಳಿದಿರುವ ತುಂಡು ಜಾಗದಲ್ಲಿ ಕಟ್ಟೋಣ ಎಂದರೆ ಸಿಆರ್‌ಝೆಡ್, ಕಡಲ ತೀರದಲ್ಲಿ ಕಟ್ಟಡಕ್ಕೆ ತಡೆ ಹಾಕುವ ನಿಯಮ, ಎನ್ನುತ್ತಾರೆ. ಒಳಗೆ ಎಲ್ಲಾದರೂ ಐದು ಸೆಂಟ್ಸ್ ಕೊಡಿ ಎಂದರೆ, ನಿಮ್ಮ ಹೆಸರಲ್ಲಿ ಆಗಲೇ ಮನೆ ಇದೆಯಲ್ಲ ಎನ್ನುತ್ತಾರೆ. ಇದೆ. ಮೀನುಗಳು ವಾಸ ಮಾಡುತ್ತಿವೆ.

ಕಡೆಯುವ ಕಲ್ಲು ಮೊದಲ ವರ್ಷ ನೀರು ಇಳಿದಾಗ ಕಾಣುತ್ತಿತ್ತು. ಈಗ ಕಾಣುವುದಿಲ್ಲ. ಹಾಗಾಗಿ ಇನ್ನೊಂದು ಸಲ ಮಹಜರು, ಇನ್ನೊಂದು ಸಲ ಫೋಟೊ ಎಂದು ಮಾತ್ರ ಹೇಳಿ ಕಳಿಸಬೇಡಿ. ನಿಲ್ಲಲು ಜಾಗ ಇಲ್ಲ.

ಈ ವರ್ಷದ ತೆರಿಗೆ ರಸೀದಿಯ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಮೊನ್ನೆ ಮೇ 12ಕ್ಕೆ ಕಟ್ಟಿದ್ದು. ಶಬ್ದ ತಿದ್ದಿಸಿ ಕೊಡಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಒಣಮೀನು ವ್ಯಾಪಾರಿ