ಮಲ್ಲ್ಯಾ, ಮೊದ್ಲು ನಿನ್ನ ಹಾಸ್ಟೆಲ್ ಅಡ್ರೆಸ್ ಕಲಕೋ

ಮಲ್ಲ್ಯಾ,

ಬಳ್ಳಾರಿ ಯೂನಿವರ್ಸಿಟಿನಾಗ ಎಂಎಸ್ಸಿ ಸೀಟ್ ಸಿಕ್ಕಿದ್ದು ಕೇಳಿ ಖುಷಿ ಆತು ಲೇ. ಕುಷ್ಟಗಿ ಬಸ್ ಸ್ಟ್ಯಾಂಡಿನಿಂದ ನೀ ಕಳಿಸಿದ ಫೋಟೋ ನೋಡಿದೆ, ಹೊಸ ಟ್ರಂಕು, ಹಾಸಿಗಿ ಸುರುಳಿ, ನಿಮ್ಮವ್ವ ಕಟ್ಟಿಕೊಟ್ಟ ಕಟಕರೊಟ್ಟಿ ಗಂಟು, ಶೇಂಗಾ ಹಿಂಡಿ ಡಬ್ಬಿ, ಎಲ್ಲಾ ಐತಿ. ಒಂದ್ ಮಾತು ಮಾತ್ರ ಫೋನಿನಾಗ ಹೇಳಾಕ ಹೋದ್ರ ನೀ ನಗತಿ, ಅದಕ್ಕ ಬರದು ಇಲ್ಲೇ ಹಾಕಾಕತ್ತೀನಿ, ಈ ವರ್ಷ ಹಾಸ್ಟೆಲ್ ಸೇರೋ ಉಳಿದ ಹುಡುಗ್ರೂ ಓದ್ಲಿ.

ನಾ ರಾಯಚೂರಾಗ ಓದೋವಾಗ ನನ್ನ ರೂಮ್‌ಮೇಟಿಗೆ ಹಾವು ಕಡೀತು ಅಂತ ಹೇಳಿದ್ದೆ ಅಲ್ಲ, ಆದ್ರ ಪೂರ್ತಿ ಹೇಳಿದ್ದಿಲ್ಲ, ನಾಚಿಕಿ ಬರತಿತ್ತು. ರಾತ್ರಿ ಹನ್ನೊಂದರ ಮ್ಯಾಲೆ ಅಂವ ತಾಟು ತೊಳಿಯಾಕ ಹಿತ್ತಲ ನಳದ ಕಡೆ ಹೋದ, ಬ್ಯಾಟರಿ ಇಲ್ಲ, ಕಾಲಾಗ ಹವಾಯಿ ಚಪ್ಪಲ್. ಚೀರಿದ. ನಾವ್ ಓಡಿ ಹೋಗೋದ್ರಾಗ ಒಬ್ಬಂವ ಟವೆಲ್ ತಂದು ತೊಡಿಗೆ ಬಿಗಿಯಾಗಿ ಬಿಗದ, ಇನ್ನೊಬ್ಬ ಬ್ಲೇಡ್ ಹುಡುಕಾಕ ಹೋದ, ಮತ್ತೊಬ್ಬ ನಮ್ಮೂರಾಗ ಮಂತ್ರ ಹಾಕೋರು ಅದಾರ ಅಂದ. ನಾ 108ಕ್ಕ ಹಚ್ಚಿದೆ. ಆ ಕಡೆ ಮೇಡಂ ಕೇಳಿದ್ಲು, ಎಲ್ಲಿದೀರಿ ಸರ್?

ಹಾಸ್ಟೆಲ್‌ನಾಗ ಅಂದೆ.

ಯಾವ ಹಾಸ್ಟೆಲ್, ಯಾವ ರೋಡು, ಹತ್ರ ಏನೈತಿ? ನಾಕು ತಿಂಗಳ ಆಗಿತ್ತಪ ನಾ ಅಲ್ಲಿ ಇದ್ದು, ರೋಡಿನ ಹೆಸರು ಗೊತ್ತಿಲ್ಲ. ಮಿರ್ಚಿ ಬಂಡಿ ಎದುರಿಗೆ ಮೇಡಂ ಅಂದೆ. ಲೇ, ಆ ಹೊತ್ತಿನಾಗ ಬಂಡಿ ಎಲ್ಲಿ ಇರತೈತಿ! ಕಡೀಕ ಅಡಿಗಿ ಅಣ್ಣ ಮೀಟರ್ ಬೋರ್ಡಿಗೆ ಸಿಗಿಸಿದ್ದ ಜೆಸ್ಕಾಂ ಕರೆಂಟ್ ಬಿಲ್ ಕಿತ್ಕೊಂಡು ಬಂದ, ಅದರ ಮ್ಯಾಲಿನ ಅಡ್ರೆಸ್ ಓದಿ ಹೇಳಿದೆ. ಅಷ್ಟರಾಗ ಎಷ್ಟ್ ನಿಮಿಷ ಹೋದ್ವೋ ಏನೋ, ನನಗ ಅದು ಒಂದ್ ತಾಸು ಆದಂಗಿತ್ತು.

ಆಂಬುಲೆನ್ಸ್ ಹುಡುಗ ಬಂದು ಟವೆಲ್ ನೋಡಿ ಬೈದ. ಹಂಗ ಬಿಗಿಬಾರ್ದಂತ, ರಕ್ತ ಓಡಾಡೋದು ನಿಂತು ಕಾಲೇ ಕೆಡತೈತಿ. ಕೊಯ್ಯೋದು, ಬಾಯಿಂದ ಹೀರೋದೂ ಬ್ಯಾಡ. ಅಂವನ್ನ ನಡಸಬಾರ್ದು, ಕಡದ ಕಾಲು ಅಲುಗಾಡದಂಗ ಇಟ್ಟು, ಬಾವು ಬರೋದ್ರಾಗ ಕಾಲುಂಗುರ, ಗೆಜ್ಜಿ, ಕೈಗೆ ಕಡದಿದ್ರ ಉಂಗುರ, ವಾಚು ತಗದು, ಸೀದಾ ದೊಡ್ಡಾಸ್ಪತ್ರಿ. ಅಲ್ಲಿ ರಕ್ತ ತಗದು ಗಾಜಿನ ನಳಿಗಿಯಾಗ 20 ನಿಮಿಷ ಅಲುಗಾಡಿಸದಂಗ ಇಟ್ರು. ನಾ ಅದನ್ನ ನೋಡಿಕೊಂತ ಕುಂತಿದ್ದೆ. ನರ್ಸ್ ಅಕ್ಕ ನಳಿಗಿ ಬಾಗಿಸಿದ್ರ ರಕ್ತ ನೀರಿನಂಗ ಹರೀತು, ಹೆಪ್ಪುಗಟ್ಟಿದ್ದೇ ಇಲ್ಲ. ಕೊಳಕುಮಂಡಲ ಹಾವಿನ ವಿಷ ಹಂಗ ಮಾಡತೈತಿ ಅಂದ್ರು, ತಕ್ಷಣ ಇಂಜೆಕ್ಷನ್ ಶುರು ಮಾಡಿದ್ರು. ಹುಡುಗ ಉಳದ. ಅಂದಂಗ ಬ್ಯಾಸಿಗ್ಯಾಗ ಮಾಳಗಿ ಮ್ಯಾಲೆ ಬರೇ ನೆಲದ ಮ್ಯಾಲೆ ಮಲಗಬ್ಯಾಡ, ಕಟ್ಟುಹಾವು ಮಲಗಿದಾಗ ಕಡದ್ರ ನೋವೂ ಅಷ್ಟು ಆಗಂಗಿಲ್ಲ, ಸೊಳ್ಳಿಪರದಿ ಅಂಚು ಹಾಸಿಗಿ ಕೆಳಗ ಸಿಗಿಸಿ ಮಲಗು. 2024ರಾಗ ಕರ್ನಾಟಕ ಸರ್ಕಾರ ಹಾವು ಕಡದ ಕೇಸ್ ಎಲ್ಲಾ ಆಸ್ಪತ್ರಿಗಳೂ ರಿಪೋರ್ಟ್ ಮಾಡಲೇಬೇಕು ಅಂತ ಆದೇಶ ಮಾಡೇತಿ, ನಮ್ಮ ಕಡೆ ಹೊಲ ಗದ್ದಿ ಹಿಡದು ಓಡಾಡೋರಿಗೆ ಇದೇನು ಸಣ್ಣ ವಿಷಯ ಅಲ್ಲ.

ಬಳ್ಳಾರಿಯಾಗ ನಿನಗ ದೊಡ್ಡಾಸ್ಪತ್ರಿ ಅಂದ್ರ ವಿಮ್ಸ್, ಬೋರ್ಡಿನ ಮ್ಯಾಲೆ ಹೆಸರು ಈಗ ಬ್ಯಾರೆ, ಆದ್ರ ಆಟೋದವ್ರಿಗೆ ವಿಮ್ಸ್ ಅಂದ್ರೇ ತಿಳಿಯೋದು. ಅಲ್ಲಿ ಸೇರಿದ ಮೊದಲ ವಾರದಾಗೇ ಹಗಲೊತ್ತು ಒಮ್ಮೆ ಹೋಗಿ ಎಮರ್ಜೆನ್ಸಿ ಬಾಗಲು ಯಾವ ಕಡೆ ಐತಿ ನೋಡಿ ಬಾ. 112 ಒಂದ್ ನೆನಪಿಟ್ರ ಸಾಕು, ಪೊಲೀಸು, ಫೈರು, ಆಂಬುಲೆನ್ಸು ಮೂರೂ ಅದರಾಗೇ. ಎಷ್ಟೋ ಫೋನಿನಾಗ ಪವರ್ ಬಟನ್ ಪಟಪಟ ಒತ್ತಿದ್ರೂ ಕಾಲ್ ಹೋಗತೈತಿ, ನಿನ್ನದ್ರಾಗ ಸೆಟ್ಟಿಂಗ್ ಹೆಂಗೈತಿ ನೋಡಕೋ, ಪ್ಯಾಂಟಿನ ಕಿಸೆದಾಗ ತಾನೇ ಒತ್ತಿ ಪೊಲೀಸರಿಗೆ ಹಚ್ಚಿ ಬಯ್ಸಿಕೊಬ್ಯಾಡ ಮತ್ತ.

ಹಾಸ್ಟೆಲ್ ಹಿಂದಿನ ಗೇಟಿಗೆ ರಾತ್ರಿ ಬೀಗ ಹಾಕ್ತಾರ ಅಂದ್ರ ಕೀಲಿ ಯಾರ ಹತ್ರ ಇರತೈತಿ ವಾರ್ಡನ್ನಿಗೆ ಕೇಳು, ಕೇಳಾಕ ಸಂಕೋಚ ಬ್ಯಾಡ, ಬೆಂಕಿ ಹತ್ತಿದಾಗ ಕೇಳಾಕ ಆಗಂಗಿಲ್ಲ. ಬಕೇಟಿನಾಗ ಕಾಯಿಲ್ ಹಾಕಿ ನೀರು ಕಾಸೋ ಚಟ ನಿನಗೈತಿ, ನನಗ ಗೊತ್ತು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮ್ಯಾಲೇ ನೀರಿಗೆ ಬೆರಳು ಹಚ್ಚು. ಯಾರಿಗಾದ್ರೂ ಶಾಕ್ ಹೊಡದ್ರ ಅಂವನ್ನ ಮುಟ್ಟಬ್ಯಾಡ, ಮೊದ್ಲು ಮೇನ್ ಆಫ್ ಮಾಡು.

ಇನ್ನ ಸೀನಿಯರ್ಸ್ ಇಂಟ್ರೊ ಕೊಡು ಅಂತ ಕರೀತಾರ. ಹೆಸರು ಊರು ಕೇಳಿದ್ರ ಹೇಳು, ಅದೇನ್ ತಪ್ಪಲ್ಲ. ಅಂಗಿ ಬಿಚ್ಚು, ಇಡೀ ರಾತ್ರಿ ನಿಂದ್ರು, ದುಡ್ಡು ಕೊಡು ಅಂದ್ರ ಅದು ರ‍್ಯಾಗಿಂಗು. ಯೂನಿವರ್ಸಿಟಿಗಳನ್ನ ನೋಡಿಕೊಳ್ಳೋ ಯುಜಿಸಿ 2009ರಾಗೇ ಇದರ ವಿರುದ್ಧ ನಿಯಮ ಮಾಡೇತಿ, ರ‍್ಯಾಗಿಂಗ್ ಹೆಲ್ಪ್‌ಲೈನ್ 1800-180-5522 ದಿನದ 24 ತಾಸೂ ನಡೀತೈತಿ. ನೀ ಮೂಗಬಸಪ್ಪ ಅದಿ ಅಂತೇ ಇದನ್ನ ಬರದೆ.

ಈಗ ಒಂದ್ ಕೆಲಸ ಮಾಡು. ನಿನ್ನ ಹಾಸ್ಟೆಲ್ ಅಡ್ರೆಸ್, ಬ್ಲಾಕು, ರೂಮ್ ನಂಬರ್, ರೋಡು, ಯಾವ ಗೇಟಿನಿಂದ ಗಾಡಿ ಒಳಗ ಬರತೈತಿ, ಅಷ್ಟೂ ಟೈಪ್ ಮಾಡಿ ನನಗ ಕಳಸು, ನಿಮ್ಮಪ್ಪಗೂ ಕಳಸು. ಮಿರ್ಚಿ ಬಂಡಿ ಎದುರಿಗೆ ಅಂತ ಬರದ್ರ ಮುಂದಿನ ಐತವಾರ ಅಲ್ಲಿಗೇ ಬಂದು ಒದಿತೀನಿ.

ನಿನ್ನ,
ಶರಣ್ಯಾ