ಸಮುದ್ರದ ಹಳೆಯ ತೈಲ ಪ್ಲಾಟ್‌ಫಾರ್ಮ್ ಒಡೆಯುವ ಮೊದಲು ಅದರ ಕಾಗದ ಹುಡುಕಿ

ಮಾನ್ಯ ಸಂಪಾದಕರೇ,

ಒಂದು ರೂಪಾಯಿ ನೋಟಿನ ಹಿಂಬದಿ ನೋಡಿ. ಅಲ್ಲಿರುವ ಚಿತ್ರ ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವ ಸಾಗರ್ ಸಾಮ್ರಾಟ್ ರಿಗ್‌ನದು. 1974ರಲ್ಲಿ ಮುಂಬೈ ಆಚೆಯ ಸಮುದ್ರದ ಬಾಂಬೆ ಹೈನಲ್ಲಿ ಎಣ್ಣೆ ಕಂಡದ್ದು ಇದೇ ರಿಗ್ ಕೊರೆದ ಬಾವಿಯಲ್ಲಿ. ವಯಸ್ಸಾಯಿತು ಅಂತ ಅದನ್ನು ಒಡೆದು ಹಾಕಲಿಲ್ಲ. ಕೊರೆಯುವ ರಿಗ್ಗನ್ನು ಎಣ್ಣೆ ಉತ್ಪಾದಿಸುವ ಘಟಕ ಮಾಡಿ, 2022ರ ಡಿಸೆಂಬರ್‌ನಲ್ಲಿ ಮತ್ತೆ ಅರಬ್ಬಿ ಸಮುದ್ರದಲ್ಲೇ ಕೆಲಸಕ್ಕೆ ಹಚ್ಚಿದರು. ಈಗ ಅದು ದಿನಕ್ಕೆ 20,000 ಬ್ಯಾರೆಲ್‌ವರೆಗೂ ಕಚ್ಚಾ ತೈಲ ನಿಭಾಯಿಸಬಲ್ಲದು.

ಮುಂಬೈ ಕಡೆಯ ಯಾರ್ಡೊಂದರಲ್ಲಿ ಹದಿನೆಂಟು ವರ್ಷ ವೆಲ್ಡರ್ ಆಗಿದ್ದು ಶಹಾಬಾದಿಗೆ ಮರಳಿದವನು ನಾನು. ಆ ಸುದ್ದಿ ಓದಿದ ದಿನ ತುಂಬಾ ಖುಷಿಯಾಗಿತ್ತು. ಆದರೆ ಸಾಗರ್ ಸಾಮ್ರಾಟ್‌ಗೆ ಕಾಲು ಮೇಲೆತ್ತಿಕೊಂಡು ತೇಲುವ ಅನುಕೂಲ ಇತ್ತು. ಸಮುದ್ರದ ತಳಕ್ಕೆ ಪೈಲ್, ಅಂದರೆ ಉಕ್ಕಿನ ಉದ್ದ ಕಂಬ, ಹೊಡೆದು ನಿಲ್ಲಿಸಿದ ತೈಲ ಪ್ಲಾಟ್‌ಫಾರ್ಮ್ ಹಾಗಲ್ಲ. ಅದನ್ನು ಬೇರೆ ಕಡೆ ಒಯ್ಯಬೇಕಾದರೆ ಪೈಲನ್ನು ತಳದ ಮಣ್ಣಿನೊಳಗೇ ಕತ್ತರಿಸಬೇಕು. ಡೆಕ್ಕನ್ನು ಹೊತ್ತು ನಿಂತ ಕೆಳಗಿನ ಉಕ್ಕಿನ ಚೌಕಟ್ಟು, ಜಾಕೆಟ್, ಅಳತೆ ಕೊಟ್ಟು ಹೊಲಿಸಿದ ಅಂಗಿ ಇದ್ದ ಹಾಗೆ. 75 ಮೀಟರ್ ನೀರಿಗೆ ಕಟ್ಟಿದ್ದನ್ನು 40 ಮೀಟರಿಗೆ ಒಯ್ದರೆ ಕಾಲು ಕತ್ತರಿಸಿ, ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕು. ಮೇಲಿನ ಡೆಕ್ ಸಾಗಿಸುವುದು ಅದಕ್ಕಿಂತ ಸುಲಭ. 2017ರಲ್ಲಿ ಉತ್ತರ ಸಮುದ್ರದ ಬ್ರೆಂಟ್ ಡೆಲ್ಟಾ ಪ್ಲಾಟ್‌ಫಾರ್ಮಿನ ಮೇಲ್ಭಾಗವನ್ನು, ಸುಮಾರು 24,000 ಟನ್, ಒಂದೇ ಹಡಗು ಒಂದೇ ಸಲಕ್ಕೆ ಎತ್ತಿತು. ಎತ್ತುವ ಶಕ್ತಿಗೆ ಈಗ ಕೊರತೆ ಇಲ್ಲ. ಕಷ್ಟ ಇರುವುದು ಬೇರೆ ಕಡೆ.

ನಮ್ಮಲ್ಲಿ ಹಳೇ ಮನೆ ಕೆಡವಿದಾಗ ಒಂದೊಂದು ಪರಸಿ ಕಲ್ಲನ್ನೂ ಸುತ್ತಿಗೆಯಿಂದ ಬಡಿದು ನೋಡುತ್ತಾರೆ. ಟಣ್ ಅಂದರೆ ಹೊಸ ಮನೆಗೆ, ಬದ್ ಅಂದರೆ ಹಿತ್ತಲಿಗೆ. ಸಮುದ್ರದ ಉಕ್ಕು ಹಾಗೆ ಬಡಿದರೆ ಹೇಳುವುದಿಲ್ಲ. ಹಗಲು ರಾತ್ರಿ ಅಲೆ ಹೊಡೆದು ಹೊಡೆದು ಪೈಪು ಕೂಡುವ ಜಾಗದ ವೆಲ್ಡಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಡೈವರ್‌ಗಳು ಇಳಿದು, ಅಂಟಿಕೊಂಡ ಚಿಪ್ಪು ಕೆರೆದು, ಕಾಂತೀಯ ಪುಡಿ ಹಾಕಿ ನೋಡಿದರೇನೇ ಅದು ಕಾಣುವುದು. ಅದೂ ಸಾಲದು. ಉಕ್ಕು ಯಾವ ಗ್ರೇಡು, ಯಾವ ಜಾಯಿಂಟನ್ನು ಯಾವಾಗ ರಿಪೇರಿ ಮಾಡಿದ್ದಾರೆ, ಇದೆಲ್ಲ ಗೊತ್ತಿಲ್ಲದೆ ಯಾವ ಎಂಜಿನಿಯರ್ ತಾನೇ ಸಹಿ ಹಾಕುತ್ತಾನೆ? ಹಾಕಲೂಬಾರದು, ಮೇಲೆ ಕೆಲಸ ಮಾಡುವವರ ಜೀವದ ಪ್ರಶ್ನೆ ಅಲ್ವಾ?

ನಮ್ಮ ಯಾರ್ಡಿಗೆ ಒಮ್ಮೆ ಹಳೆಯ ಕ್ರೇನ್ ಪೀಠ ಬಂದಿತ್ತು. ಪರೀಕ್ಷೆಯಲ್ಲಿ ಒಂದು ಬಿರುಕೂ ಸಿಗಲಿಲ್ಲ. ಆದರೆ ಅದರ ಉಕ್ಕಿನ ಸರ್ಟಿಫಿಕೇಟ್ ಯಾವುದೋ ಕಚೇರಿಯಲ್ಲಿ ಕಳೆದುಹೋಗಿತ್ತು. ಗ್ಯಾಸ್ ಕಟರ್ ಹಿಡಿದು ಅದನ್ನು ತುಂಡು ಮಾಡಿದವನು ನಾನೇ. ಆ ಸಂಕಟ ಇನ್ನೂ ಹೋಗಿಲ್ಲ.

ಅದಕ್ಕೇ ಪೆಟ್ರೋಲಿಯಂ ಸಚಿವಾಲಯಕ್ಕೆ ನನ್ನ ಬೇಡಿಕೆ ಇಷ್ಟೇ. ಯಾವ ಪ್ಲಾಟ್‌ಫಾರ್ಮನ್ನೂ ಗುಜರಿಗೆ ಕಳಿಸುವ ಮೊದಲು ಅದರ ನಕ್ಷೆ, ಉಕ್ಕಿನ ಸರ್ಟಿಫಿಕೇಟ್, ವೆಲ್ಡ್ ದಾಖಲೆಗಳನ್ನು ಒಂದೆಡೆ ಸೇರಿಸುವುದು ಕಡ್ಡಾಯವಾಗಲಿ. ಬೇರೆ ಯಾವುದಾದರೂ ಚಿಕ್ಕ ತೈಲ ನಿಕ್ಷೇಪಕ್ಕೆ ಆ ಪ್ಲಾಟ್‌ಫಾರ್ಮ್ ಹೊಂದುತ್ತದೆಯೇ ಅಂತ ಆಮೇಲೆ ನೋಡಲಿ. ಕಾಗದ ಸಿಗದಿದ್ದರೆ ಕೆಲಸ ಮಾಡಿದವರನ್ನು ಕೇಳಲಿ. ಎಂಬತ್ತು, ತೊಂಬತ್ತರ ದಶಕದಲ್ಲಿ ಆ ವೆಲ್ಡ್ ಹಾಕಿದವರು ವಾಡಿ, ಚಿತ್ತಾಪುರ, ಆಳಂದದ ಊರುಗಳಲ್ಲೂ ಇದ್ದಾರೆ. ಯಾವ ಜಾಯಿಂಟನ್ನು ಎರಡು ಸಲ ಬಿಚ್ಚಿ ಹಾಕಿದೆವು ಅನ್ನುವುದು ಅವರಿಗೆ ಇವತ್ತಿಗೂ ನೆನಪಿದೆ.

ನಿವೃತ್ತ ವೆಲ್ಡರ್,
ಶಹಾಬಾದ್, ಕಲಬುರಗಿ ಜಿಲ್ಲೆ