ಸುಬ್ಬಿ ಇಲ್ಲೇ ಇರಲಿ, ಮಗಳೇ

ಸಾಗರ
ಮಂಗಳವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ನಮ್ಮ ಬೆಕ್ಕು ಸುಬ್ಬಿಯನ್ನು ಅತ್ತಿಗೆಯ ಮನೆಗೆ ಕಳುಹಿಸಿಬಿಡು ಎಂದು ನೀನು ರಾತ್ರಿ ಬಸ್ಸಿಗೆ ಹಾಕಿ ಕಳುಹಿಸಿದ ಬುಟ್ಟಿ ನಿನ್ನೆ ಬೆಳಿಗ್ಗೆ ಬಂತು. ಅಪ್ಪ ನಿಲ್ದಾಣಕ್ಕೆ ಹೋಗಿ ತಂದರು. ಮುಂದೆ ಜಾಲರಿ ಬಾಗಿಲು, ಮೇಲೆ ಹಿಡಿ, ಒಳಗೆ ಮೆತ್ತನೆಯ ಹಾಸು. ಒಳ್ಳೆಯದನ್ನೇ ಹುಡುಕಿ ಆರಿಸಿದ್ದೀಯ. ಅದನ್ನು ನೋಡಿ ನನಗೆ ಅಳು ಬಂತು, ಸಿಟ್ಟು ಬರಲಿಲ್ಲ. ಭಾನುವಾರ ಫೋನಿನಲ್ಲಿ "ಅಮ್ಮಾ, ನಿನಗೆ ಬೆಕ್ಕು ಹೆಚ್ಚೋ, ನಾನು ಹೆಚ್ಚೋ?" ಎಂದು ಕೇಳಿದೆಯಲ್ಲ, ಆಗ ಗಂಟಲು ಕಟ್ಟಿ ಮಾತು ಹೊರಡಲಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಸುಬ್ಬಿಯನ್ನು ಮಲಗುವ ಕೋಣೆಗೆ ಬಿಡುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೆ. ಮೊದಲ ಕೀಮೋ ಆದ ಒಂಬತ್ತನೆಯ ದಿನ ಬಿಟ್ಟೆ. ಬಾಯಿ ತುಂಬಾ ಹುಣ್ಣಾಗಿ ಒಂದೆಲಗದ ತಂಬುಳಿಯೂ ಗಂಟಲಲ್ಲಿ ಇಳಿಯದ ದಿನ ಅದು. ಅವಳು ಬಂದು ನನ್ನ ಹೊಟ್ಟೆಗೆ ಬೆನ್ನು ಒತ್ತಿ ಮಲಗಿದಳು. ಬೆಳಗಿನ ಜಾವ ನನ್ನ ಎದೆಯಲ್ಲಿ ಸುಯ್ಗುಟ್ಟುವ ಸದ್ದು ಶುರುವಾಯಿತು. ಇನ್‌ಹೇಲರ್ ಎಳೆದುಕೊಂಡು ಸುಮ್ಮನಾದೆ. ಬಿಳಿ ರಕ್ತಕಣಗಳು ತಳ ಮುಟ್ಟುವ ವಾರದಲ್ಲೇ ಹಾಗೆ ಮಾಡಿದ್ದಲ್ಲದೆ ನಿನ್ನಿಂದ ಮುಚ್ಚಿಟ್ಟೆ. ಅಪ್ಪನ ಬಾಯಿಂದ ಅದನ್ನು ಕೇಳಬೇಕಾಗಿ ಬಂದ ನಿನ್ನ ಸಿಟ್ಟು ನ್ಯಾಯವಾದದ್ದೇ.

ಮರುವಾರ ಶಿವಮೊಗ್ಗಕ್ಕೆ ಹೋದಾಗ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಎರಡು ವರ್ಷದ ಹಿಂದೆ ಅಲರ್ಜಿ ಪರೀಕ್ಷೆ ಮಾಡಿಸಿದಾಗ ಮುಂಗೈಯ ಮೇಲೆ ಬೆಕ್ಕಿನ ಅಲರ್ಜಿಗೆಂದು ಚುಚ್ಚಿದ ಜಾಗ 6 ಮಿಲಿಮೀಟರ್ ಊದಿದ್ದನ್ನೂ ಹೇಳಿದೆ. ನನ್ನ ಲಿಂಫೋಮಾ ಕ್ಯಾನ್ಸರ್ ನೋಡುವ ಡಾಕ್ಟರು, ಉಬ್ಬಸ ನೋಡುವ ಡಾಕ್ಟರು ಇಬ್ಬರೂ ಒಂದೇ ಮಾತು ಹೇಳಿದರು. ಬೆಕ್ಕು ಇಲ್ಲದಿದ್ದರೆ ಒಳ್ಳೆಯದು, ಇಟ್ಟುಕೊಳ್ಳಲೇಬೇಕೆಂದರೆ ನಿಯಮ ಮುರಿಯಬಾರದು ಎಂದರು. ಅವರು ಒಪ್ಪಿಗೆ ಕೊಟ್ಟರು ಎಂದು ನಿನ್ನ ಬಳಿ ಸುಳ್ಳು ಹೇಳಲಾರೆ. ನಿರ್ಧಾರವನ್ನು ನನಗೆ ಬಿಟ್ಟರು, ಅಷ್ಟೇ.

ನಾನು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು. ಕಣ್ಣು ಮುಚ್ಚಿಕೊಂಡು ತೀರ್ಮಾನ ಮಾಡಿಲ್ಲ. ನನಗೆ ಆಗದಿರುವುದು ಬೆಕ್ಕಿನ ಕೂದಲಲ್ಲ. ಅದರ ಜೊಲ್ಲಿನಲ್ಲಿ, ಚರ್ಮದ ಗ್ರಂಥಿಗಳಲ್ಲಿ ಹುಟ್ಟುವ ಫೆಲ್ ಡಿ 1 ಎಂಬ ಪ್ರೋಟೀನ್ ನನಗೆ ಆಗುವುದಿಲ್ಲ. ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟಿ, ಒಣಗಿ, ಪುಡಿಯಾಗಿ ಗಾಳಿಯಲ್ಲಿ ತೇಲುತ್ತದೆ. ಹಾಸಿಗೆ, ಪರದೆ, ಗೋಡೆಗೆಲ್ಲ ಅಂಟುತ್ತದೆ. ಬೆಕ್ಕು ಮನೆ ಬಿಟ್ಟು ಹೋದರೂ ಅದು ಪೂರ್ತಿ ಇಳಿಯಲು ಐದಾರು ತಿಂಗಳು ಹಿಡಿಯುತ್ತದೆ. ನನಗೆ ಉಳಿದಿರುವುದು ಕೀಮೋದ ನಾಲ್ಕು ಸುತ್ತು. ಇಪ್ಪತ್ತೊಂದು ದಿನಕ್ಕೊಂದರಂತೆ 84 ದಿನ. ಇವತ್ತೇ ಸುಬ್ಬಿಯನ್ನು ಬುಟ್ಟಿಗೆ ಹಾಕಿ ಕಳುಹಿಸಿದರೂ ಚಿಕಿತ್ಸೆ ಮುಗಿಯುವವರೆಗೆ ಅವಳ ಪ್ರೋಟೀನ್ ಅಷ್ಟಿಷ್ಟು ನನ್ನ ಉಸಿರಿಗೆ ಸೇರುತ್ತಲೇ ಇರುತ್ತದೆ, ಅವಳು ಮಾತ್ರ ಇರುವುದಿಲ್ಲ. ಒರೆಸುವುದು, ಒಗೆಯುವುದು ಹೇಗೂ ತಪ್ಪುವುದಿಲ್ಲ.

ಅದನ್ನೆಲ್ಲ ಮಾಡಿದ್ದೇವೆ. ಕೋಣೆಯಿಂದ ಕಂಬಳಿ, ಹಳೆಯ ಹತ್ತಿ ಹಾಸಿಗೆ, ಪರದೆಗಳು ಹೊರಗೆ ಹೋಗಿವೆ. ಕೆಂಪು ಗಾರೆ ನೆಲವನ್ನು ದಿನಕ್ಕೆ ಎರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಪೊರಕೆ ಆಡಿಸುವುದಿಲ್ಲ, ಧೂಳು ಏಳುತ್ತದೆ. ಹೊದಿಕೆ, ದಿಂಬಿನ ಚೀಲ ಪ್ರತಿ ವಾರ ಬಚ್ಚಲ ಹಂಡೆಯ ಬಿಸಿನೀರಿಗೆ ಬೀಳುತ್ತವೆ. ಸುಬ್ಬಿ ಈಗ ಹಿತ್ತಿಲಿಗೆ ಹೋಗುವುದಿಲ್ಲ, ಇಲಿ ಹಿಡಿಯುವುದಿಲ್ಲ. ಜಗಲಿಗೆ ಜಾಲರಿ ಹೊಡೆಸಿದ್ದೇವೆ. ಊಟಕ್ಕೆ ಬೇಯಿಸಿದ ಬಂಗುಡೆ ಕಲಸಿದ ಅನ್ನ, ಹಸಿ ಮೀನು ಇಲ್ಲ.

ಮರಳಿನ ಬೋಗುಣಿಯ ಬಗ್ಗೆ ನೀನು ಹೆದರಿದ್ದು ಸರಿಯಾಗಿಯೇ ಇದೆ. ನನ್ನಂಥವರಿಗೆ ಬೆಕ್ಕಿನ ಮಲದಿಂದ ಹರಡುವ ಟಾಕ್ಸೊಪ್ಲಾಸ್ಮಾ ಸೋಂಕು ಸಣ್ಣ ವಿಷಯವಲ್ಲ. ಆದರೆ ಮಲದ ಜೊತೆ ಹೊರಬಿದ್ದ ಕೂಡಲೇ ಆ ಪರೋಪಜೀವಿ ಸೋಂಕು ತಗುಲಿಸುವುದಿಲ್ಲ. ಅದಕ್ಕೆ ಒಂದರಿಂದ ಐದು ದಿನ ಬೇಕು. ದಿನವೂ ತೆಗೆದು ಎಸೆದರೆ ಅಪಾಯ ಬಹಳ ಕಡಿಮೆ. ಬೆಳಿಗ್ಗೆ ಆರಕ್ಕೆ ಕೈಗವಸು ಹಾಕಿಕೊಂಡು ಆ ಕೆಲಸ ಮಾಡುವವರು ನಿನ್ನ ಅಪ್ಪ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳದ ಮನುಷ್ಯ. ನಾನು ಬೇಡಿಕೊಳ್ಳಲಿಲ್ಲ, ತಾವಾಗಿಯೇ ಶುರು ಮಾಡಿದರು.

ನೀನು ಕೇಳಿದ ಪ್ರಶ್ನೆಗೆ ಉತ್ತರ: ನೀನು. ನೀನೇ ಹೆಚ್ಚು. ಅದರಲ್ಲಿ ತೂಗಿ ನೋಡುವುದೇನೂ ಇಲ್ಲ. ನಿನಗೋಸ್ಕರ ಈ ನಾಲ್ಕು ಸುತ್ತನ್ನೂ ಮುಗಿಸುತ್ತೇನೆ. ಆದರೆ ಮುಗಿಸಲು ನನಗೆ ಏನು ಬೇಕು ಎಂಬುದನ್ನು ನಾನೇ ಹೇಳಬೇಕಲ್ಲವೇ? ಕಾಯಿಲೆ ಗೊತ್ತಾದ ದಿನದಿಂದ ಈ ಮನೆಯಲ್ಲಿ ಎಲ್ಲರೂ ನನಗಾಗಿ ಮಾಡುವವರೇ. ಮಾತ್ರೆ ಎಣಿಸಿಡುತ್ತಾರೆ, ಜ್ವರ ನೋಡುತ್ತಾರೆ, ಲೋಟ ತೊಳೆಯಲೂ ಬಿಡುವುದಿಲ್ಲ. ನೋಡಲು ಬಂದವರು ಹೊಸ್ತಿಲಲ್ಲೇ ದನಿ ತಗ್ಗಿಸುತ್ತಾರೆ. ಸುಬ್ಬಿ ಒಬ್ಬಳು ಸಂಜೆ ಆರಾದರೆ ಜಗಲಿಯಲ್ಲಿ ನಿಂತು, ನನ್ನ ಮುಖ ನೋಡಿ, ಎಂದಿನಂತೆ ಕೂಗುತ್ತಾಳೆ. ಎದ್ದು ಅವಳ ತಟ್ಟೆಗೆ ಅನ್ನ ಹಾಕುತ್ತೇನೆ. ದಿನಕ್ಕೆ ಒಂದು ಸಲ ನಾನು ಇನ್ನೊಂದು ಜೀವಕ್ಕೆ ಬೇಕಾಗುತ್ತೇನೆ. ಕೀಮೋ ಆದ ಮೂರನೆಯ ದಿನವೂ ಅದಕ್ಕಾಗಿ ಹಾಸಿಗೆಯಿಂದ ಎದ್ದಿದ್ದೇನೆ, ಪುಟ್ಟಿ.

ರಾತ್ರಿಯ ವಿಷಯವನ್ನೂ ಹೇಳುತ್ತೇನೆ. ಪ್ರತಿ ಸುತ್ತಿನಲ್ಲಿ ಸ್ಟಿರಾಯ್ಡ್ ಮಾತ್ರೆ ನುಂಗುವ ಐದು ದಿನ ಮೂಗು, ಎದೆ ಎರಡೂ ಹಗುರ, ಆದರೆ ನಿದ್ದೆ ಇಲ್ಲ. ಎರಡು ಗಂಟೆಗೆ ಜಂತೆ ಎಣಿಸುತ್ತಾ ಮಲಗಿರುತ್ತೇನೆ. ಕೋಣೆಯ ಬಾಗಿಲ ಕೆಳಗೆ ಹೊಸ್ತಿಲು ಸವೆದು ಎರಡು ಬೆರಳಷ್ಟು ಸಂದಿ ಇದೆಯಲ್ಲ, ಅಲ್ಲಿಂದ ಒಂದು ಮುಂಗಾಲು ಒಳಗೆ ಬರುತ್ತದೆ. ಬಿಳಿಯ ಕಾಲು, ಹೆಬ್ಬೆರಳ ಹತ್ತಿರ ಕರಿ ಚುಕ್ಕೆ. ಉಗುರು ಒಳಗೆಳೆದುಕೊಂಡು ನೆಲವನ್ನು ಮೆಲ್ಲಗೆ ತಟ್ಟುತ್ತದೆ, ನಿಲ್ಲುತ್ತದೆ, ಮತ್ತೆ ತಟ್ಟುತ್ತದೆ. ನಾನು ಮಂಚದಿಂದ ಇಳಿದು ಬಾಗಿಲ ಈಚೆ ಕೂರುತ್ತೇನೆ. ಬಾಗಿಲು ತೆಗೆಯುವುದಿಲ್ಲ, ಕಾಲನ್ನು ಮುಟ್ಟುವುದಿಲ್ಲ. ಮಾತಾಡುತ್ತೇನೆ. ಎರಡನೆಯ ಸುತ್ತಿನ ಐದು ರಾತ್ರಿಯೂ ಹೀಗೇ ಕಳೆದವು. ಒಮ್ಮೆ ಮಾತು ತಪ್ಪಿದವಳು ಎಂದು ನೀನು ನಂಬದೇ ಇರಬಹುದು. ಅಪ್ಪನನ್ನು ಕೇಳು.

ಅವಳನ್ನು ಅತ್ತಿಗೆಯ ಮನೆಯಲ್ಲಿ ಬಿಡೋಣ ಎಂದೆಯಲ್ಲ. ಅದನ್ನೂ ಯೋಚಿಸಿದೆ. ಹನ್ನೊಂದು ವರ್ಷದ ಬೆಕ್ಕು, ನೀನು ಹತ್ತನೇ ತರಗತಿಯಲ್ಲಿದ್ದಾಗ ಮಳೆಯಲ್ಲಿ ಶಾಲೆಯ ಚೀಲದೊಳಗೆ ಇಟ್ಟುಕೊಂಡು ತಂದದ್ದು. ಈ ಮನೆ ಬಿಟ್ಟು ಬೇರೆ ಮನೆ ಕಂಡಿಲ್ಲ. ಹೊಸ ಜಾಗದಲ್ಲಿ ಊಟ ಬಿಟ್ಟರೆ, ಕೆಲವೇ ದಿನದ ಉಪವಾಸಕ್ಕೆ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತು ಬರುತ್ತದೆ. ಆ ಭಯ ಇಟ್ಟುಕೊಂಡು ನಾನು ಇಲ್ಲಿ ಹೇಗೆ ಮಲಗಲಿ?

ಆದರೂ ಒಂದು ಗೆರೆ ಎಳೆದಿದ್ದೇನೆ. ದಿನವೂ ಬೆಳಿಗ್ಗೆ ಉಸಿರಿನ ರಭಸ ಅಳೆಯುವ ಪೀಕ್ ಫ್ಲೋ ಮೀಟರ್ ಊದಿ ಪುಸ್ತಕದಲ್ಲಿ ಬರೆಯುತ್ತೇನೆ. ನನ್ನ ಅತ್ಯುತ್ತಮ ಅಂಕೆ 340. ಅದರ ಶೇಕಡಾ 80 ಎಂದರೆ 272. ಸ್ಟಿರಾಯ್ಡ್ ದಿನಗಳ ಅಂಕೆ ತಾನಾಗಿ ಏರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ ದಿನಗಳಲ್ಲಿ ಎರಡು ದಿನ ಸತತ 272ರ ಕೆಳಗೆ ಬಂದರೆ ಸುಬ್ಬಿ ಅತ್ತಿಗೆಯ ಮನೆಗೆ ಹೋಗುತ್ತಾಳೆ. ನಾನು ಅಡ್ಡ ಬರುವುದಿಲ್ಲ, ಅಪ್ಪನಿಗೂ ಹೇಳಿಟ್ಟಿದ್ದೇನೆ. ಇವತ್ತಿನ ಅಂಕೆ 310. ಕಳೆದ ಸುತ್ತಿನ ಹತ್ತನೆಯ ದಿನ ಸೋಂಕು ತಡೆಯುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ 900ಕ್ಕೆ ಇಳಿದಿತ್ತು. ಹಾಗಾಗಿ ಏಳರಿಂದ ಹದಿನಾಲ್ಕನೆಯ ದಿನದವರೆಗೆ ಅವಳನ್ನು ಮುಟ್ಟುವುದೇ ಇಲ್ಲ, ತಟ್ಟೆಯನ್ನು ದೂರದಿಂದ ನೂಕುತ್ತೇನೆ. ಜ್ವರ 100.4 ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡುತ್ತೇವೆ. ಇನ್ನು ಮುಂದೆ ಪುಸ್ತಕದ ಪುಟವನ್ನು ಪ್ರತಿ ರಾತ್ರಿ ಅಪ್ಪ ಫೋಟೊ ತೆಗೆದು ನಿನಗೆ ಕಳುಹಿಸುತ್ತಾರೆ.

ಶನಿವಾರ ಬರುವಾಗ ಬೆಕ್ಕಿನ ಉಗುರು ಕತ್ತರಿಸುವ ಸಣ್ಣ ಕತ್ತರಿ ತಾ. ಪರಚಿದರೆ ಸೋಂಕು ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಅಪ್ಪನ ಕೈ ನಡುಗುತ್ತದೆ, ನಾನು ಮಾಡುವ ಹಾಗಿಲ್ಲ. ನೀನು ಹಿಡಿದರೆ ಅವಳು ಈಗಲೂ ಸುಮ್ಮನೆ ಕೂರುತ್ತಾಳೆ. ಒಗೆಯಲು ಬರುವಂಥ ಹತ್ತಿ ಹೊದಿಕೆ ಎರಡು ಸಿಕ್ಕರೆ ಅದನ್ನೂ ತಾ.

ಬುಟ್ಟಿಯನ್ನು ಬಾಗಿಲು ತೆರೆದು ಜಗಲಿಯಲ್ಲಿ ಇಟ್ಟಿದ್ದೇವೆ. ಹೋಗಲೇಬೇಕಾಗಿ ಬಂದರೆ ಅವಳಿಗೆ ಅದು ಹೊಸದಾಗಿರಬಾರದು ಎಂದು. ನಿನ್ನೆ ಸಂಜೆ ಸುತ್ತಲೂ ಮೂಸಿ ನೋಡಿದಳು. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಒಳಗೆ ಮಲಗಿದ್ದಳು.

ನಿನ್ನ
ಅಮ್ಮ